ಹೊಳಿಗಿ ಬಾ

ಮಲ್ಲಿನಾಥ ಕಳಿಸಿದ ಚೀಟಿಯನ್ನು ನಾನು ಸರಿಯಾಗಿಯೇ ಓದಿದ್ದೆ. ತಪ್ಪು ಓದಿದೆ ಎಂದು ಹನ್ನೆರಡು ವರ್ಷ ಹೇಳಿಕೊಂಡು ಬಂದೆ — ಅವನ ಅಕ್ಕನಿಗೆ, ಕುರನೂರಿನ ಜನಕ್ಕೆ, ಸೊಲ್ಲಾಪುರದ ಗೆಳೆಯರಿಗೆ, ಕಡೆಗೆ ನನಗೆ ನಾನೇ. ಹೇಳಿ ಹೇಳಿ ಆ ಮಾತು ನಿಜದ ಹಾಗೆ ನುಣುಪಾಗಿಬಿಟ್ಟಿತ್ತು. ಚೀಟಿ ಓದಿದೆ, ಅರ್ಥವಾಯಿತು, ಹೋಗಲಿಲ್ಲ — ನಡೆದದ್ದು ಇಷ್ಟು. ಅದಕ್ಕೂ ಒಂದು ವರ್ಷ ಮೊದಲು ನಾನು ಅವನ ಮುಖ ನೋಡಿಕೊಂಡು ಹೇಳಿದ ಒಂದು ಸುಳ್ಳಿದೆ. ಎರಡನ್ನೂ ಇಲ್ಲಿ ಬರೆಯುತ್ತೇನೆ.

ನೆನಪನ್ನು ನಾನು ಸುಲಭವಾಗಿ ನಂಬುವವನಲ್ಲ. ಧಾರವಾಡದ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದುವಾಗ ಅಂಟಿದ ಚಟ ಇದು — ಯಾರು ಏನು ಕಂಡೆನೆಂದರೂ, ಕಣ್ಣಿಗೆ ಬಿದ್ದದ್ದೆಷ್ಟು, ಆಮೇಲೆ ಮನಸ್ಸು ಸೇರಿಸಿಕೊಂಡದ್ದೆಷ್ಟು ಎಂದು ಕೇಳುವುದು. ಈ ಬರಹದಲ್ಲಿಯೂ ನನಗೆ ಖಾತ್ರಿಯಿಲ್ಲದ ಸಂಗತಿಗಳಿವೆ. ಅವು ಬಂದಾಗ ಹೇಳುತ್ತೇನೆ. ಅವುಗಳ ಹಿಂದೆ ಅಡಗಿಕೊಳ್ಳುವುದಿಲ್ಲ — ಇಷ್ಟು ವರ್ಷ ಅಡಗಿಕೊಂಡಿದ್ದು ಅಲ್ಲಿಯೇ.

ನನ್ನ ಊರು ವಾಗದರಿ, ಮಲ್ಲಿನಾಥನದು ಕುರನೂರು. ಇಬ್ಬರೂ ಅಕ್ಕಲಕೋಟೆಯಲ್ಲಿ ಒಂದೇ ಕೋಣೆಯಲ್ಲಿದ್ದು ಸಂಸ್ಥಾನದ ಸಾಲೆಗೆ ಹೋದವರು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಹೀಗಾಗಿ ನಮಗೆ ಕನ್ನಡದ ಮಾತು ಬರುತ್ತಿತ್ತೇ ಹೊರತು ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಒಬ್ಬರಿಗೊಬ್ಬರು ಚೀಟಿ ಬರೆದರೆ ಕನ್ನಡವನ್ನೇ ಮರಾಠಿಯ ಬಾಳಬೋಧ, ಅಂದರೆ ದೇವನಾಗರಿ, ಅಕ್ಷರದಲ್ಲಿ ಬರೆಯುತ್ತಿದ್ದೆವು. ಮುಂದೆ ನಾನು ಧಾರವಾಡಕ್ಕೆ ಹೋಗಿ ಕನ್ನಡ ಬರಹ ಕಲಿತೆ. ಅವನು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದ. ಕನ್ನಡದ ಒಂದಕ್ಷರವನ್ನೂ ಕಲಿಯದೆ ತಿರುಗಿ ಬಂದ.

ಬಾಳಬೋಧದಲ್ಲಿ ಒಂದು ತೊಡಕಿದೆ. ಅದರಲ್ಲಿ ‘ಒ’ ಮತ್ತು ‘ಓ’ ಬೇರೆ ಬೇರೆ ಇಲ್ಲ. ನಮ್ಮ ಕಡೆ ನದಿಗೆ ಹೊಳಿ ಎನ್ನುತ್ತೇವೆ. ಹೊಳಿ ಎಂದು ಬರೆದರೂ ಹೋಳಿ ಎಂದು ಬರೆದರೂ ಕಾಗದದ ಮೇಲೆ ಒಂದೇ ಆಕಾರ. ಒಂದು ಸೂಟಿಯಲ್ಲಿ ಮಲ್ಲಿನಾಥ ‘ಹೊಳಿಗಿ ಬಾ’ ಎಂದು ಚೀಟಿ ಕಳಿಸಿದ. ಈಜಲು ಬಾ ಎಂಬುದು ಅವನ ಅರ್ಥ. ನಾನು ಅದನ್ನು ಹೋಳಿಗಿ ಎಂದು ಓದಿ, ಹೋಳಿಗೆ ತಿನ್ನಲು ಕರೆದಿದ್ದಾನೆಂದು ತಿಳಿದು, ಮನೆಯಲ್ಲಿ ಉಣ್ಣದೆ, ತೊಳೆದ ಅಂಗಿ ಹಾಕಿಕೊಂಡು ಹೋಗಿ ಅವರ ಪಡಸಾಲೆಯಲ್ಲಿ ಕೂತೆ. ಅವನ ಅಕ್ಕ ಗಂಗಕ್ಕ ನಕ್ಕು ನಕ್ಕು ಸುಸ್ತಾದಳು. ‘ನೀರಿಗಿ ಕರದರ ಹೂರಣಕ್ಕ ಬಂದೀಯಲ್ಲೋ ರೇವಣ್ಣ’ ಎಂದು ಅವತ್ತೇ ಬೇಳೆ ಬೇಯಲು ಇಟ್ಟಳು. ಅಂದು ಸಂಜೆ ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ಹೋಳಿ ಹಬ್ಬಕ್ಕೆ ಕರೆದರೂ ಅದೇ ‘ಹೋಳಿಗಿ’ ಆಗುತ್ತದೆ, ಆದ್ದರಿಂದ ಹಬ್ಬಕ್ಕೆ ಮರಾಠಿಯವರಂತೆ ಶಿಮಗಾ ಎಂದೇ ಬರೆಯಬೇಕು. ಹೊಳಿ ಎಂದರೆ ನದಿ ಮಾತ್ರ. ಅವನು ಒಮ್ಮೆಯೂ ಅದನ್ನು ಮುರಿಯಲಿಲ್ಲ. ಈ ಕರಾರು ಮೂರನೆಯವರಿಗೆ ಗೊತ್ತಿರಲಿಲ್ಲ.

ಮುಂಬಯಿಯಿಂದ ಬಂದ ಮೇಲೆ ಮಲ್ಲಿನಾಥ ಮಾಡಬೇಕೆಂದಿದ್ದ ಕೆಲಸ ಒಂದೇ — ನಮ್ಮ ಕರಿಮಣ್ಣಿನ ಸೀಮೆಯನ್ನು ಚಿತ್ರಿಸುವುದು. ದೇವರಿಲ್ಲ, ರಾಜರಿಲ್ಲ, ಮನುಷ್ಯರೂ ಇಲ್ಲ. ನೆಲ, ನೀರು, ಮೇಲೆ ಆಕಾಶ. ಅದಕ್ಕೆ ಗಿರಾಕಿ ಸಿಗಲಿಲ್ಲ. ಜನ ಸತ್ತ ತಂದೆಯ ಚಿತ್ರ ಬರೆಸುತ್ತಿದ್ದರು, ದತ್ತನ ಚಿತ್ರ ಬರೆಸುತ್ತಿದ್ದರು. ದುಧನಿಯ ಒಬ್ಬ ಅಡತಿ ವ್ಯಾಪಾರಿ ಅವನ ಕುಸುಬಿ ಹೊಲದ ಚಿತ್ರವನ್ನು ಬಹಳ ಹೊತ್ತು ನೋಡಿ, ‘ಇದರಾಗ ಮಾಣಸಾನ ಇಲ್ಲಲ್ಲೋ ಚಿತ್ರಗಾರ. ಹೊಲಾ ನಾ ದಿನಾ ನೋಡಾಂವ, ಗ್ವಾಡಿಗಿ ಹಚ್ಚಿ ಮತ್ತ ನೋಡಬೇಕೇನು? ಒಬ್ಬ ಹೆಣ್ಮಗಳನ್ನರೇ ನಿಂದ್ರಿಸು’ ಎಂದನಂತೆ. ಮಲ್ಲಿನಾಥ ಅದನ್ನು ನನಗೆ ವ್ಯಾಪಾರಿಯ ದನಿಯಲ್ಲಿಯೇ ಆಡಿ ತೋರಿಸಿ ನಕ್ಕಿದ್ದ. ಆ ಮಾತನ್ನು ಇಲ್ಲಿ ಬರೆಯಲು ಕಾರಣವಿದೆ. ಮುಂದೆ ನಡೆದದ್ದಕ್ಕೆಲ್ಲ ಅದೇ ಬೀಜ ಎಂದು ನಾನು ಎಷ್ಟೋ ವರ್ಷ ವಾದಿಸಿದ್ದೇನೆ — ಒಳಗೊಳಗೇ.

ಹೊಟ್ಟೆಪಾಡಿಗೆ ಅವನು ಸೊಲ್ಲಾಪುರದಲ್ಲಿ ನಾಟಕ ಕಂಪನಿಗಳ ಪಡದೆ ಬರೆಯುತ್ತಿದ್ದ. ಫೋಟೋ ತೆಗೆಯುವವರಿಗೆ ಹಿಂದೆ ಇಳಿಬಿಡುವ ತೋಟ, ಕಾರಂಜಿ, ಮೆಟ್ಟಿಲು ಬರೆದುಕೊಡುತ್ತಿದ್ದ. ಬೇಸಗೆ, ಮಳೆಗಾಲ ಎರಡೂ ಹೀಗೆ ಕಳೆಯುತ್ತಿದ್ದವು. ಆಗ ನೀವು ಅವನನ್ನು ಕುರನೂರಿಗೆ ಕರೆದೊಯ್ದು ಬಯಲಿನಲ್ಲಿ ನಿಲ್ಲಿಸಿದರೂ ಒಂದು ಗೆರೆ ಎಳೆಯುತ್ತಿರಲಿಲ್ಲ. ಹಿಂಗಾರಿ ಬಿತ್ತನೆ ಮುಗಿದು ಜೋಳ ಮೊಣಕಾಲುದ್ದ ಬಂತೆಂದರೆ ಮಾತ್ರ ಸೊಲ್ಲಾಪುರದಲ್ಲಿ ಅವನ ಕೈ ನಿಲ್ಲುತ್ತಿರಲಿಲ್ಲ. ಪಡದೆ ಅರ್ಧಕ್ಕೆ ಬಿಟ್ಟು ಊರಿಗೆ ಹೊರಡುತ್ತಿದ್ದ. ಅಲ್ಲಿಂದ ಸುಗ್ಗಿಯತನಕ ಅವನು ಚಿತ್ರಗಾರ. ಬೆಳಗಿನ ಮಂಜು, ಹೊಡೆ ಬಂದ ಜೋಳದ ನೀಲಿ ಹಸುರು, ಕುಸುಬಿಯ ಹಳದಿ ಕೆಂಪಾಗುವ ಆ ಎರಡು ವಾರ — ‘ಬಣ್ಣ ಹೊಲದಾಗ ಇರೂತನಾ ಕೈಯಾಗ ಇರ್ತದ, ರಾಶಿ ಆತಂದ್ರ ನಾನೂ ಖಾಲಿ’ ಎನ್ನುತ್ತಿದ್ದ.

ಕುರನೂರಿನ ಹತ್ತಿರ ಬೋರಿ ನದಿ ಮೊಣಕೈಯಂತೆ ಒಂದು ಕಡೆ ಮಡಚಿಕೊಳ್ಳುತ್ತದೆ. ಈಚೆ ದಂಡೆಯಲ್ಲಿ ಹುಣಸೆಯ ಮರ. ಆಚೆ ದಂಡೆ ಗೋಡೆಯಂತೆ ಕಡಿದಾದ ಕರಿಮಣ್ಣು, ಮೇಲೆ ಜೋಳ. ಪ್ರತಿ ವರ್ಷ ಅವನು ಆ ಮರದ ಕೆಳಗೆ ಕೂತು ಅದೇ ಮಡಿಕೆಯನ್ನು ಬರೆಯುತ್ತಿದ್ದ. ಮೂರನೆಯ ವರ್ಷದ ಚಿತ್ರಗಳಲ್ಲಿ ಒಬ್ಬ ಹೆಂಗಸು ಬಂದಳು. ಆಚೆ ಗೋಡೆಯ ಬುಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ನಮಗೆ ಬೆನ್ನು ಮಾಡಿ ನಿಂತವಳು. ಬರಿಗೈ. ಒಂದರಲ್ಲಲ್ಲ, ಆ ಚಳಿಗಾಲದ ಏಳು ಚಿತ್ರಗಳಲ್ಲಿ.

ಮೊದಲು ಗಮನಿಸಿದವಳು ಗಂಗಕ್ಕ. ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳು. ಓದು ಬಾರದು, ಕಣ್ಣು ಮಾತ್ರ ಬಹಳ ಚುರುಕು. ‘ಯಾರೋ ಇಕಿ? ಆಕಡೆ ದಂಡೀಲಿಂದ ಇಳಿಯಾಕ ಹಾದಿ ಇಲ್ಲ. ನೀರಾಗ ನಿಂತರ ಸೀರಿ ಅಂಚು ತೇಲಬೇಕು. ಇಕಿದು ತೇಲಿಲ್ಲಲ್ಲೋ’ ಎಂದು ಕೇಳಿದಳು.

‘ಅಕಿ ಹ್ಯಾಂಗ ನಿಂತಿದ್ಳು ಹಂಗ ತಗದೀನಿ, ಅಕ್ಕ’ ಎಂದನಂತೆ ಅವನು. ‘ಇಲ್ಲದ್ದು ಸೇರಸಾಕ ನನಗ ಬರೂದಿಲ್ಲ.’

ಇದು ನಿಜ. ಅವನಿಗೆ ಕಲ್ಪನೆ ಕಡಿಮೆ. ನಾಟಕದ ಪಡದೆಗೆ ಅರಮನೆ ಬರೆಯಬೇಕಾದರೂ ಅಕ್ಕಲಕೋಟೆಗೆ ಹೋಗಿ ಅರಮನೆಯ ಮುಂದೆ ನಿಂತು ನೋಡಿ ಬರುತ್ತಿದ್ದ.

ಗಂಗಕ್ಕ ಹೆದರಿದಳು. ಕುರನೂರಿನ ಯಾವ ಹೆಂಗಸೂ ಅಲ್ಲಿ ನೀರಿಗೆ ಹೋಗುವುದಿಲ್ಲವೆಂದು ಮನೆ ಮನೆ ಕೇಳಿ ಖಾತ್ರಿ ಮಾಡಿಕೊಂಡಳು. ದೆವ್ವ ಬಿಡಿಸಲು ಗಾಣಗಾಪುರಕ್ಕೆ ಹೋಗೋಣ, ಇಲ್ಲವೆ ಯಾರಿಂದಲಾದರೂ ತಾಯತ ಕಟ್ಟಿಸೋಣ ಎಂದು ದುಂಬಾಲು ಬಿದ್ದಳು. ಮಲ್ಲಿನಾಥ ಒಪ್ಪಲಿಲ್ಲ. ಒಂದು ಷರತ್ತು ಹಾಕಿದ. ರೇವಣ್ಣ ಬಂದು ನೋಡಲಿ, ಅವನು ಓದಿದವನು, ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಅವನು ಇಲ್ಲ ಎಂದರೆ ಇಲ್ಲ, ಆಮೇಲೆ ನೀ ಕರೆದಲ್ಲಿ ಬರುತ್ತೇನೆ. ಇದ್ದಾಳೆ ಎಂದರೆ ನನ್ನನ್ನು ನನ್ನ ಪಾಡಿಗೆ ಬಿಡು — ಹೀಗೆ.

ನನಗೆ ಆ ಹೊತ್ತಿಗೆ ಸೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತ್ತು. ದೆವ್ವ, ಪವಾಡ, ಮಾಟಗಳ ವಿರುದ್ಧ ಭಾಷಣ ಮಾಡುವವನೆಂದು ಸಣ್ಣ ಹೆಸರೂ ಇತ್ತು. ಎಳ್ಳ ಅಮಾವಾಸ್ಯೆಯ, ನಮ್ಮ ಮಾತಿನ ಎಳ್ಳಮಾಸಿಯ, ಹಿಂದಿನ ವಾರ ನನ್ನ ಒಂದು ಭಾಷಣ ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು. ನೋಡುವುದು ಕಣ್ಣಲ್ಲ, ನಂಬಿಕೆ ಎಂಬುದು ಅದರ ಸಾರ. ಮಲ್ಲಿನಾಥನಿಗೆ ತೋರಿಸಬೇಕೆಂದು ಆ ಹಾಳೆಯನ್ನು ಮಡಚಿ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡೇ ಕುರನೂರಿಗೆ ಹೋದೆ.

ಎಳ್ಳಮಾಸಿಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದ ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಗಂಗಕ್ಕ ಕಾಳು, ಕಾಯಿಪಲ್ಯ ಕೂಡಿಸಿ ಕುದಿಸುವ ಭಜ್ಜಿ ಮಾಡುತ್ತಿದ್ದಳು. ನಾವಿಬ್ಬರೂ ಮೊದಲೇ ಹೊರಟು ಹುಣಸೆ ಮರದ ಕೆಳಗೆ ಕೂತೆವು. ಸೂರ್ಯ ಎದ್ದಿದ್ದ, ನೀರಿನ ಮೇಲೆ ಮಂಜು ಇನ್ನೂ ಇತ್ತು. ಬಹಳ ಹೊತ್ತು ಏನೂ ಇರಲಿಲ್ಲ. ನಾನು ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿಯೇ ಜೋಡಿಸಿಕೊಳ್ಳುತ್ತಿದ್ದೆ.

ಆಮೇಲೆ — ಯಾವ ಕ್ಷಣ ಎಂದು ಹೇಳಲಾರೆ. ಅವಳು ಬಂದದ್ದನ್ನು ನಾನು ನೋಡಲಿಲ್ಲ. ಇದ್ದದ್ದನ್ನು ನೋಡಿದೆ.

ಗೋಡೆಯ ಬುಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಬೆನ್ನು ಮಾಡಿ ನಿಂತಿದ್ದಳು. ಒದ್ದೆ ಇಟ್ಟಂಗಿಯ ಬಣ್ಣದ ಸೀರೆ. ಮಂಜು ಸರಿಯುತ್ತಿತ್ತು, ಅವಳು ಸರಿಯಲಿಲ್ಲ. ನೀರು ಅವಳ ಕಾಲಿಗೆ ತಾಗಿ ಒಡೆಯುತ್ತಿರಲಿಲ್ಲ. ಒಂದು ಬೆಳ್ಳಕ್ಕಿ ಅವಳ ಕೈಗೆ ನಿಲುಕುವಷ್ಟು ಹತ್ತಿರ ನೀರಿನ ಮೇಲೆ ತಗ್ಗಿ ಹಾರುತ್ತ ಹಾದುಹೋಯಿತು, ಹೆದರಲಿಲ್ಲ. ಚಿತ್ರಗಳಲ್ಲಿ ಇಲ್ಲದ ಒಂದು ಸಂಗತಿ ಅಂದು ಇತ್ತು. ಅವಳ ಸೊಂಟದ ಮೇಲೆ ಒಂದು ಕೊಡ. ಅದನ್ನು ಬೋರಲಾಗಿ ಹಿಡಿದಿದ್ದಳು, ಬಾಯಿ ಕೆಳಗೆ. ನೀರಿಗೆ ಬಂದವರಾಗಲಿ ಒಯ್ಯುವವರಾಗಲಿ ಕೊಡವನ್ನು ಹಾಗೆ ಹಿಡಿಯುವುದಿಲ್ಲ.

ಮೂರು ಉಸಿರಿನಷ್ಟು ಹೊತ್ತೋ, ಕಾಲು ಗಂಟೆಯೋ. ಮಲ್ಲಿನಾಥ ಆಗ ನದಿಯನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನು ನೋಡುತ್ತಿದ್ದ.

‘ಕಾಣಸ್ತಾಳೇನೋ?’ ಎಂದ.

‘ಅಲ್ಲಿ ಯಾರೂ ಇಲ್ಲ, ಮಲ್ಯಾ’ ಎಂದೆ.

ಅವನು ಎರಡು ಸಲ ತಲೆಯಾಡಿಸಿದ. ‘ಹಂಗಾದ್ರ ಚಲೋ ಆತು’ ಎಂದ. ನಾನು ಮತ್ತೆ ಆಚೆ ನೋಡುವಷ್ಟರಲ್ಲಿ ಬರೀ ನೀರಿತ್ತು.

ಹೆದರಿ ಹೇಳಿದೆನೆಂದರೆ ಅದು ನನ್ನನ್ನು ನಾನು ಹೊಗಳಿಕೊಂಡಂತೆ. ಹೆದರಿಕೆಯಿತ್ತು, ಆದರೆ ಸುಳ್ಳು ಬಂದದ್ದು ಅಲ್ಲಿಂದಲ್ಲ, ಕೋಟಿನ ಕಿಸೆಯಿಂದ. ಅಂದು ಹೊಲದಲ್ಲಿ ಗಂಗಕ್ಕ ಚರಗ ಚೆಲ್ಲಿ ಬಂದು ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿದಳು. ನಾನು ಉಣ್ಣುತ್ತ ಮಂಜಿನಲ್ಲಿ ಬೆಳಕು ಹೇಗೆ ಮೋಸ ಮಾಡುತ್ತದೆ, ಒಬ್ಬ ವ್ಯಾಪಾರಿಯ ಚೇಷ್ಟೆಯ ಮಾತು ಹೇಗೆ ಮನಸ್ಸಿನಲ್ಲಿ ಕೂತು ಹೆಂಗಸಾಗಿ ಎದ್ದು ನಿಲ್ಲುತ್ತದೆ ಎಂದು ವಿವರಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ಸಭೆಯಲ್ಲಿಯೂ ಮಾತಾಡಿಲ್ಲ.

ಮಲ್ಲಿನಾಥ ಮಾತಿಗೆ ತಪ್ಪಲಿಲ್ಲ. ಏಳು ಚಿತ್ರಗಳಲ್ಲಿಯೂ ಅವಳನ್ನು ಚಾಕುವಿನಿಂದ ಕೆರೆದು ತೆಗೆದ. ನದಿಯಲ್ಲಿ ಏಳು ತೂತು. ಗಂಗಕ್ಕ ಕರೆದಲ್ಲಿ ಹೋದ, ಕಟ್ಟಿದ್ದನ್ನು ಕಟ್ಟಿಸಿಕೊಂಡ, ಗಾಣಗಾಪುರದಲ್ಲಿ ಕೆಲವು ವಾರ ಕೂತ. ಆಮೇಲೆ ಸೊಲ್ಲಾಪುರಕ್ಕೆ ಬಂದು ಪಡದೆ ಬರೆಯತೊಡಗಿದ. ಹೊಸ ಹಿಂಗಾರಿ ಬಂದಾಗ ಊರಿಗೆ ಹೋಗಲಿಲ್ಲ. ಒಂದು ಸಂಜೆ ಅವನ ಕೋಣೆಗೆ ಹೋದಾಗ ಬಣ್ಣ ಕಲಸುತ್ತ ಕೂತಿದ್ದ. ತಟ್ಟೆಯನ್ನು ನನ್ನ ಕಡೆ ಚಾಚಿ, ಮೆಲ್ಲಗೆ, ‘ಇದು ಹಸರು ಹೌದಲ್ಲ?’ ಎಂದು ಕೇಳಿದ. ಹೌದು ಎಂದೆ. ‘ನಿನಗೂ ಹಸರನ?’ ಎಂದು ಮತ್ತೆ ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಕಂಪನಿಯವರಿಗೂ ಹೀಗೆ ಕೇಳುತ್ತಿದ್ದನಂತೆ, ಅವರು ನಗುತ್ತಿದ್ದರು. ಅವನ ಕಣ್ಣನ್ನು ನಾನು ಕಿತ್ತುಕೊಂಡಿದ್ದೆ, ಕಿತ್ತುಕೊಂಡದ್ದು ಅವನಿಗೆ ತಿಳಿಯದಂತೆ. ಆಗಲೂ ಹೇಳಬಹುದಾಗಿತ್ತು. ನಾನು ಹಸುರು ಎಂದು ಹೇಳಿ ಮನೆಗೆ ಬಂದೆ.

ಸತ್ಯ ಹೊರಬಿದ್ದದ್ದು ನನ್ನ ಇಚ್ಛೆಯಿಂದಲ್ಲ, ಬಾಯಿ ತಪ್ಪಿನಿಂದ. ಎಳ್ಳಮಾಸಿ ಕಳೆದು ಒಂದು ವರ್ಷ ದಾಟಿತ್ತು. ಯಾವುದೋ ನಾಟಕಕ್ಕೆ ನದಿಯ ದಂಡೆಯ ಪಡದೆ ಬೇಕಾಗಿತ್ತು — ನೀರು, ಮರ, ಕೊಡ ಹೊತ್ತ ಹೆಂಗಸು. ಮಲ್ಲಿನಾಥ ಹೆಂಗಸಿನ ಸೊಂಟಕ್ಕೆ ಕೊಡ ಬರೆಯುತ್ತಿದ್ದ, ಎಲ್ಲರೂ ಬರೆಯುವಂತೆ ಬಾಯಿ ಮೇಲಾಗಿ. ನಾನು ಹಿಂದೆ ನಿಂತು ಶಾಲೆಯ ಏನೋ ಸುದ್ದಿ ಹೇಳುತ್ತಿದ್ದೆ. ಮಾತಿನ ನಡುವೆ —

‘ಕೊಡಾ ಡಬ್ಬ ಇತ್ತಲ್ಲೋ’ ಎಂದೆ.

ಡಬ್ಬ ಎಂದರೆ ನಮ್ಮ ಮಾತಿನಲ್ಲಿ ಬೋರಲು. ಕುಂಚ ನಿಂತಿತು. ಅವನು ತಿರುಗಲಿಲ್ಲ. ಆಮೇಲೆ, ‘ಹೌದು, ಡಬ್ಬ ಇತ್ತು’ ಎಂದು ಹೇಳಿ ನಕ್ಕ. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವನ ಮುಖ ಮಾತ್ರ ಬಹಳ ದಿನದ ಜ್ವರ ಇಳಿದವರ ಮುಖದಂತಾಗಿತ್ತು. ನಾನು ಹೊತ್ತಾಯಿತೆಂದು ಹೇಳಿ ಎದ್ದೆ. ಮರುದಿನ ಅವನು ಪಡದೆ ಬಿಟ್ಟು ಕುರನೂರಿಗೆ ಹೋದನೆಂದು ತಿಳಿಯಿತು.

ಇಲ್ಲಿ ನನಗೆ ಖಾತ್ರಿಯಿಲ್ಲದ ಜಾಗ ಬರುತ್ತದೆ. ಆ ಬೆಳಿಗ್ಗೆ ಹುಣಸೆ ಮರದ ಕೆಳಗೆ ಮಲ್ಲಿನಾಥನೇ ‘ಇವತ್ತ ಕೊಡಾ ಐತಿ, ಡಬ್ಬ ಹಿಡದಾಳ’ ಎಂದು ಗೊಣಗಿದ್ದನೇ? ಗೊಣಗಿದ್ದರೆ ಅವನ ಮಾತು ನನ್ನ ಕಿವಿಯಿಂದ ಕಣ್ಣಿಗೆ ಹೋಗಿರಬಹುದು. ನಾನು ಕಂಡದ್ದು ಅವನ ಮಾತನ್ನೇ ಇರಬಹುದು. ಕೆಲವು ದಿನ ಅವನ ಗೊಣಗು ಸ್ಪಷ್ಟವಾಗಿ ಕೇಳಿಸುತ್ತದೆ. ಕೆಲವು ದಿನ ಅಲ್ಲಿ ಬೆಳ್ಳಕ್ಕಿಯ ರೆಕ್ಕೆಯ ಸಪ್ಪಳದ ಹೊರತು ಏನೂ ಇಲ್ಲ. ಆ ಸಂದಿನಲ್ಲಿ ನಾನು ವರ್ಷಗಟ್ಟಲೆ ಮಲಗಿದ್ದೇನೆ. ಆದರೆ ಅದರಿಂದ ಬದಲಾಗುವುದೇನು? ಅವಳು ಇದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಡೆ ಎಂದು ಆಗ ನನಗೆ ಗೊತ್ತಿತ್ತು. ಕಾಣಲಿಲ್ಲ ಎಂದು ಹೇಳಿದೆ. ಸುಳ್ಳಿಗೆ ಅಷ್ಟು ಸಾಕು.

ಹತ್ತು ದಿನದ ಮೇಲೆ ನಮ್ಮ ಊರಿನವರೊಬ್ಬರು ಸೊಲ್ಲಾಪುರದ ಪೇಟೆಗೆ ಬಂದಾಗ ಚೀಟಿ ತಂದುಕೊಟ್ಟರು. ಬಾಳಬೋಧ ಅಕ್ಷರ, ಮೂರು ಸಾಲು. ‘ಹೊಳಿಗಿ ಬಾ. ನಿನ್ನ ಹಾದಿ ನೋಡತೀನಿ. ನೀ ಬರೂತನಕ ಕುಂಚ ಹಿಡಿಯೂದಿಲ್ಲ.’

ಶಾಲೆಯ ಮಾಸ್ತರರ ಕೋಣೆಯಲ್ಲಿ ಅದನ್ನು ಬಿಡಿಸಿ ಓದಿದೆ. ಓದಿದ ಕ್ಷಣವೇ ತಿಳಿಯಿತು — ಹುಣಸೆ ಮರ, ಮಡಿಕೆ, ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನೋಡುವುದು. ಈ ಸಲ ನೀನು ನಿಜ ಹೇಳು ಎಂಬುದು. ಬೆನ್ನ ಹಿಂದೆ ನಿಂತಿದ್ದ ಮರಾಠಿ ಮಾಸ್ತರರು ಅಕ್ಷರ ತಮ್ಮವೇ ಆದ್ದರಿಂದ ಮೊದಲ ಪದವನ್ನು ಓದಿ, ‘ಹೋಳೀಲಾ ಬೋಲಾವಲಂಯ ವಾಟತಂ’ ಎಂದರು — ಹೋಳಿಗೆ ಕರೆದಿದ್ದಾರೆಂದು ಕಾಣುತ್ತದೆ. ಹೋಳಿ ಹುಣ್ಣಿಮೆಗೆ ಹದಿನೈದು ದಿನವಿತ್ತು.

‘ಹೋ’ ಎಂದೆ. ಹೌದು ಎಂದು.

ಆ ಒಂದು ಅಕ್ಷರದ ಮೇಲೆ ನಾನು ಹದಿನೈದು ದಿನ ಕೂತೆ. ಶಾಲೆಗೆ ಹೋದೆ, ಪಾಠ ಹೇಳಿದೆ. ದಿನವೂ ಬೆಳಿಗ್ಗೆ ಹೋಗಬೇಕೆನ್ನಿಸುತ್ತಿತ್ತು. ದಿನವೂ ಹಬ್ಬಕ್ಕೆ ಹೇಗೂ ಹೋಗುವೆನಲ್ಲ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಜೋಳದ ರಾಶಿ ಮುಗಿದಿರುತ್ತದೆ, ಮಂಜೂ ಹೋಗಿರುತ್ತದೆ, ನದಿಯ ಮೇಲೆ ಬರೀ ಬಿಸಿಲಿರುತ್ತದೆ. ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಇಬ್ಬರೂ ಹೋಳಿಗೆ ತಿಂದು… ಇಂಥ ಲೆಕ್ಕಾಚಾರ ನನ್ನದು.

ಹೋಳಿಯ ದಿನ ಅವನಿಗೆಂದು ಒಂದು ಒಳ್ಳೆಯ ಹಳದಿ ಬಣ್ಣದ ನಳಿಗೆ ತೆಗೆದುಕೊಂಡು ಕುರನೂರಿಗೆ ಹೋದೆ. ಹಿಂದಿನ ದಿನ ಅವನನ್ನು ಮಣ್ಣು ಮಾಡಿದ್ದರು.

ಗಂಗಕ್ಕ ಹೇಳಿದ್ದು ಇದು. ಅವನು ದಿನವೂ ಬೆಳಿಗ್ಗೆ ಎರಡು ಗೋಣಿತಟ್ಟು ಹಿಡಿದು ಮರದ ಕೆಳಗೆ ಹೋಗುತ್ತಿದ್ದ — ಒಂದು ತನಗೆ, ಒಂದು ನನಗೆ. ಮಧ್ಯಾಹ್ನ ತಿರುಗಿ ಬಂದು, ನಾಳೆ ಬರುತ್ತಾನೆ ಎನ್ನುತ್ತಿದ್ದ. ಹುಣ್ಣಿಮೆಗೆ ಎರಡು ದಿನವಿರುವಾಗ ಮಧ್ಯಾಹ್ನಕ್ಕೆ ಬರಲಿಲ್ಲ. ಮಾರನೆಯ ದಿನ ಆಚೆ ಗೋಡೆಯ ಬುಡದಲ್ಲಿ ಸಿಕ್ಕ. ಸಣ್ಣಂದಿನಿಂದ ಆ ನದಿಯಲ್ಲಿ ಈಜಿದವನು.

ಆ ವೈಶಾಖದಲ್ಲಿ ಯಾರಿಗೂ ಹೇಳದೆ ಹೋಗಿ, ನೀರು ಇಳಿದಿದ್ದ ಆ ಜಾಗದಲ್ಲಿ ಬಿದಿರಿನ ಗಳ ಇಳಿಸಿ ನೋಡಿದ್ದೇನೆ. ಕಲ್ಲಿಲ್ಲ, ಮರದ ಬೊಡ್ಡೆಯಿಲ್ಲ. ಗೋಡೆಯ ಬುಡದಲ್ಲಿ ಮಡುವು. ಕಡುಬೇಸಗೆಯಲ್ಲಿಯೂ ಎರಡಾಳು ನೀರು. ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ಯಾರೂ ನಿಲ್ಲಲಾರರು. ನಾನು ಕಂಡೆ ಎಂದಿದ್ದರೆ ಅಂದೇ ಇಬ್ಬರೂ ಗಳ ಹಿಡಿದು ನೀರಿಗೆ ಇಳಿಯುತ್ತಿದ್ದೆವು. ಏನು ಸಿಗುತ್ತಿತ್ತೋ — ಇಬ್ಬರಿಗೂ ಒಟ್ಟಿಗೆ ಸಿಗುತ್ತಿತ್ತು.

ಹೋಳಿಯ ಆ ದಿನಕ್ಕೆ ಮತ್ತೆ ಬರುತ್ತೇನೆ. ಮರಕ್ಕೆ ಆನಿಸಿಟ್ಟ ಒಂದು ಚಿತ್ರ ಸಿಕ್ಕಿತೆಂದು ಗಂಗಕ್ಕ ಅದನ್ನು ಒಳಗಿನಿಂದ ತಂದಳು. ಕುಂಚಗಳು ಮನೆಯ ಪೆಟ್ಟಿಗೆಯಲ್ಲಿ ಒಣಗಿ ಕಟ್ಟಿಗೆಯಾಗಿದ್ದವು. ಅವನು ಮಾತಿನಂತೆ ಮುಟ್ಟಿರಲಿಲ್ಲ. ಚಿತ್ರವನ್ನು ಬೆರಳುಗಳಿಂದ ಬರೆದಿದ್ದ. ಬಣ್ಣ ಇನ್ನೂ ಹಸಿ, ಬೆರಳ ಗೆರೆಗಳು ಕಾಣುತ್ತಿದ್ದವು. ಅದರಲ್ಲಿ ಹೆಂಗಸಿರಲಿಲ್ಲ. ಆಚೆ ದಂಡೆಯೂ ಇರಲಿಲ್ಲ. ಅದು ನೀರಿನ ಒಳಗೆ ನಿಂತವರಿಗೆ ಕಾಣುವ ಈಚೆ ದಂಡೆ. ಹುಣಸೆ ಮರದ ಕೆಳಗೆ ಇಬ್ಬರು ಕೂತಿದ್ದಾರೆ. ಒಬ್ಬ ಇನ್ನೊಬ್ಬನ ಮುಖವನ್ನು ನೋಡುತ್ತಿದ್ದಾನೆ. ಆ ಇನ್ನೊಬ್ಬ — ನನ್ನ ಕರಿ ಟೊಪ್ಪಿಗೆ, ನನ್ನ ಕನ್ನಡಕ — ನೇರವಾಗಿ ಎದುರಿಗೆ ನೋಡುತ್ತಿದ್ದಾನೆ. ಇದ್ದದ್ದನ್ನು ನೋಡುವ ಕಣ್ಣು ಅವು. ಅವುಗಳನ್ನು ನೋಡಿದ ಯಾರೂ ಎದುರಿಗೆ ಏನೂ ಇಲ್ಲ ಎನ್ನಲಾರರು. ಇಲ್ಲದ್ದು ಸೇರಿಸಲು ಬಾರದವನು ಆ ನೋಟವನ್ನು ಎಲ್ಲಿಂದ ತಂದ? ಅಲ್ಲಿ ನಿಂತು ಯಾರು ನೋಡಿದರು?

ಗಂಗಕ್ಕ ಬೆರಳಿಟ್ಟು ತೋರಿಸಿದಳು. ‘ಇದು ಅಂವ. ಇದು ನೀ. ನೀ ಯಾರನ್ನ ನೋಡಾಕತ್ತೀ, ರೇವಣ್ಣ?’

‘ಯಾರನ್ನೂ ಇಲ್ಲ, ಅಕ್ಕ’ ಎಂದೆ. ಸತ್ತವನ ಮನೆಯಲ್ಲಿ, ಅವನು ಸತ್ತ ಮೂರನೆಯ ದಿನ.

ಆಮೇಲೆ ಅವಳು ಕೇಳದಿದ್ದರೂ ಕಿಸೆಯಿಂದ ಚೀಟಿ ತೆಗೆದು ಓದಿ ಹೇಳಿದೆ. ಹೋಳಿಗೆ ಬಾ ಎಂದು ಬರೆದಿದ್ದ, ಬಂದೆ, ನೋಡು — ‘ಓ’ವನ್ನು ಎಳೆದು ಓದಿದೆ. ಗಂಗಕ್ಕ ಮಣ್ಣು ಮಾಡಿದ ಹೊಲದ ದಿಕ್ಕಿಗೆ ತಿರುಗಿ, ‘ಹುಣ್ಣಿಮಿತನಾ ತಡಿಯಾಕ ಆಗಲಿಲ್ಲೇನೋ ನಿನಗ’ ಎಂದು ತಮ್ಮನನ್ನು ಕೇಳಿದಳು. ಅಳಲಿಲ್ಲ, ಸಿಟ್ಟಾದಳು. ಗೆಳೆಯನನ್ನು ಹಬ್ಬಕ್ಕೆ ಕರೆದು, ಹಬ್ಬ ಬರುವ ಮೊದಲೇ ಬುದ್ಧಿ ಕೆಟ್ಟು ನೀರಿಗೆ ಹೋದವನು ಎಂದು ಊರು ತೀರ್ಮಾನಿಸಿತು. ಹುಚ್ಚ ಮಲ್ಲ ಎಂಬ ಹೆಸರು ನಿಂತಿತು. ಅವನ ಜೋಳ, ಕುಸುಬಿ, ಆಕಾಶ, ನದಿ ಎಲ್ಲ ದನದ ಕೊಟ್ಟಿಗೆಗೆ ಗಾಳಿ ತಡೆಯುವ ಪರದೆಗಳಾದವು. ಬೆರಳಿನ ಚಿತ್ರವೊಂದನ್ನು ಮಾತ್ರ ಗಂಗಕ್ಕ ಅಟ್ಟಕ್ಕೆ ಹಾಕಿದಳು. ನನ್ನನ್ನು ನೋಡಿದಾಗಲೆಲ್ಲ, ‘ನೀ ಬಂದಿದ್ದೆಪ್ಪಾ, ಅಂವನಽ ತಡೀಲಿಲ್ಲ’ ಎನ್ನುತ್ತಿದ್ದಳು. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಹನ್ನೆರಡು ವರ್ಷ.

ಈ ಸಲದ ಎಳ್ಳಮಾಸಿಗೆ ಕುರನೂರಿಗೆ ಹೋದೆ. ಧೈರ್ಯ ಬಂತೆಂದಲ್ಲ. ಗಂಗಕ್ಕ ಒಲೆಯ ಮುಂದೆ ಕೂತು ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಹೊಸ್ತಿಲಲ್ಲಿಯೇ ಕೂತು ಎಲ್ಲವನ್ನೂ ಹೇಳಿದೆ — ಕೊಡ, ಕರಾರು, ಚೀಟಿ. ‘ಅಂವ ಹುಚ್ಚ ಇರಲಿಲ್ಲ ಅಕ್ಕ. ನಾನೂ ನೋಡಿದ್ದೆ’ ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದುದನ್ನು ಹಂಚಿಗೆ ಹಾಕಿ, ಚೀಟಿಯನ್ನು ಇನ್ನೊಮ್ಮೆ ಓದು ಎಂದಳು. ಈ ಸಲ ಅವನು ಬರೆದಂತೆ ಓದಿದೆ. ಇನ್ನೊಮ್ಮೆ ಎಂದಳು. ಓದಿದೆ. ಮೂರನೆಯ ಸಲವೂ ಓದಿ ಮುಗಿಸಿದೆ.

‘ಹನ್ನೆರಡ ವರ್ಷ ನಾ ಅವನ್ನ ಬೈದೀನಿ’ ಎಂದಳು. ‘ದಿನಾ ಬೈದೀನಿ.’

ಎದ್ದು ಕೈ ತೊಳೆದುಕೊಂಡು ಅಟ್ಟ ಹತ್ತಿದಳು. ಹತ್ತಬೇಡ, ನಾನು ತರುತ್ತೇನೆ ಎಂದೆ, ಕೇಳಿಸಿಕೊಳ್ಳಲಿಲ್ಲ. ಚಿತ್ರವನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಇಟ್ಟಳು. ‘ಒಯ್ಯಿ. ನಿನ್ನ ಮನ್ಯಾಗ, ಹೊರಗಿನ ಖೋಲ್ಯಾಗ ಹಚ್ಚು. ಬಂದವರು ಕೇಳತಾರ. ಕೇಳಿದವರಿಗೆಲ್ಲಾ ಹೇಳು’ ಎಂದಳು. ಎಳ್ಳಮಾಸಿಯ ದಿನ ನಮ್ಮ ಕಡೆ ದಾರಿಹೋಕರನ್ನೂ ಉಣ್ಣಿಸದೆ ಕಳಿಸುವುದಿಲ್ಲ. ಗಂಗಕ್ಕ ಬುತ್ತಿ ಕಟ್ಟಿಕೊಂಡು, ಬಾಗಿಲು ಎಳೆದುಕೊಂಡು ಒಬ್ಬಳೇ ಹೊಲಕ್ಕೆ ಹೋದಳು. ನನ್ನನ್ನು ಬಾ ಎನ್ನಲಿಲ್ಲ.

ಚಿತ್ರ ಈಗ ನನ್ನ ಹೊರಗಿನ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ಇದೆ. ಮೊದಲು ಕೇಳಿದವರು ಪಕ್ಕದ ಮನೆಯ ಗಿರಣಿ ಕಾರಕೂನರು. ಪತ್ರಿಕೆ ಕೇಳಲು ಬಂದವರು ಅದರ ಮುಂದೆ ನಿಂತು, ಇದು ನೀವಲ್ಲವೇ ಮಾಸ್ತರ, ಯಾರನ್ನು ಹೀಗೆ ನೋಡುತ್ತಿದ್ದೀರಿ ಎಂದರು. ಅವರನ್ನು ಕೂಡಿಸಿ ಮೊದಲಿನಿಂದ ಹೇಳಿದೆ. ನಡುವೆ ಎರಡು ಸಲ ನೀರು ಕುಡಿದೆ. ಅವರು ಕೇಳಿ ಮುಗಿಸಿ, ಒಳ್ಳೆಯ ಮನುಷ್ಯರು, ನನ್ನನ್ನು ಸಮಾಧಾನ ಮಾಡಬೇಕೆಂದು ಮರಾಠಿಯಲ್ಲಿ, ‘ಧುಕಂ ಅಸೇಲ, ಮಾಸ್ತರ’ ಎಂದರು — ಮಂಜು ಇದ್ದೀತು.

ಇದ್ದೀತು ಎಂದೆ. ಮಂಜೇ ಇದ್ದೀತು. ನಾನು ಕಂಡಿದ್ದೆ.